ಇಂಗುಗುಂಡಿಯ ನೀರಿಗೆ ಅಡ್ಡ ನಿಂತ ಗಾಳಿ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಮೇಲಿನ ಸೊಪ್ಪಿನಬೆಟ್ಟದಲ್ಲಿ ಎರಡು ವರ್ಷದ ಹಿಂದೆ ಎರಡಡಿ ಆಳದ ಇಂಗುಗುಂಡಿಗಳನ್ನು ತೆಗೆಸಿದೆವು. ಗುಂಡಿಯ ತಳದಿಂದ ಸುಮಾರು ಮೂರು ಮೀಟರ್ ಕೆಳಗೆ ಶೇಡಿಮಣ್ಣು, ಅಂದರೆ ನೀರು ಸುಲಭಕ್ಕೆ ಇಳಿಯದ ನುಣುಪು ಜೇಡಿಯಂಥ ಮಣ್ಣು, ಸಿಗುತ್ತದೆ. ಜೂನ್‌ನ ಮೊದಲ ಜೋರು ಮಳೆಗೆ, ಮಣ್ಣು ಧೂಳಿನಂತೆ ಒಣಗಿದ್ದರೂ, ಗುಂಡಿಯ ನೀರು ಮೂರ್ನಾಲ್ಕು ಗಂಟೆ ಇಳಿಯುವುದಿಲ್ಲ, ತಳದಿಂದ ಗುಳ್ಳೆ ಏಳುತ್ತಲೇ ಇರುತ್ತದೆ. ಪುನರ್ವಸು ಮಳೆಯ ಹೊತ್ತಿಗೆ ಅದೇ ಗುಂಡಿ ಗಂಟೆಯೊಳಗೆ ಖಾಲಿ. ಶಿವಮೊಗ್ಗದಲ್ಲಿ ಎಂ.ಟೆಕ್. ಓದುತ್ತಿರುವ ಮಗಳು ಗುಂಡಿಯ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ, ಒಣಮಣ್ಣಿಗೆ ನೀರು ಅರ್ಧ ಗಂಟೆಯಲ್ಲಿ ಇಳಿಯಬೇಕು ಎಂದು ಬಂತು. ಕೆಲವು ಸಲ ರಂಧ್ರದಲ್ಲಿ ನೀರಿನ ಪಾಲು ನೂರಕ್ಕೆ ನೂರನ್ನೂ ಮೀರುತ್ತದೆಯಂತೆ. ಅವಳ ಲೆಕ್ಕ ತಪ್ಪೋ, ನಮ್ಮ ಮಣ್ಣೇ ಬೇರೆಯೋ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡ ಮಾತು ಗುಳ್ಳೆಯದು. ಅದನ್ನು ನೀವು ಬರೆಯದೇ ಹೋಗಿದ್ದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಆ ಗುಳ್ಳೆಗಳೇ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲಿಗೆ ಉತ್ತರ ಹೇಳುತ್ತಿವೆ.

ಮೊದಲು ನಿಮ್ಮನ್ನು ಕಾಡಿದ ಒಗಟನ್ನೇ ಸರಿಯಾಗಿ ಇಡೋಣ. ಮಣ್ಣು ಒಣಗಿದಷ್ಟೂ ಅದರ ಹೀರುವ ಬಲ ಹೆಚ್ಚು. ಪಾಠದಲ್ಲಿ ಹೇಳುವುದು ಇದನ್ನೇ, ಅದು ನಿಜವೂ ಹೌದು. ಸಣ್ಣ ರಂಧ್ರದಲ್ಲಿ ನೀರಿನ ಮೇಲ್ಮೈ ಎಳೆತವು ನೀರನ್ನು ಒಳಗೆ ಸೆಳೆಯುತ್ತದೆ. ರಂಧ್ರ ಕಿರಿದಾದಷ್ಟೂ ಸೆಳೆತ ಜೋರು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು 15 ಸೆಂಟಿಮೀಟರ್ ಮೇಲೇರುತ್ತದೆ. ನೂರನೇ ಒಂದು ಭಾಗದ ಕೊಳವೆಯಲ್ಲಿ ಒಂದೂವರೆ ಮೀಟರ್. ಹಾಗಾಗಿ ಬೇಸಿಗೆಯ ಮಣ್ಣು ಮೊದಲ ಮಳೆಯನ್ನು ಗಟಗಟನೆ ಕುಡಿಯಬೇಕು, ಮಳೆಗಾಲ ಮುಂದುವರಿದಂತೆ ನಿಧಾನವಾಗಬೇಕು. ನಿಮ್ಮ ಮಗಳ ಲೆಕ್ಕ ಹೇಳಿದ್ದೂ ಇದನ್ನೇ. ಆದರೆ ನಿಮ್ಮ ಗುಂಡಿ ಇದಕ್ಕೆ ತಿರುಗುಮುರುಗಾಗಿ ನಡೆದುಕೊಳ್ಳುತ್ತಿದೆ.

ಒಣಮಣ್ಣನ್ನು ಖಾಲಿ ಪಾತ್ರೆ ಎಂದುಕೊಂಡಲ್ಲಿ ಲೆಕ್ಕ ಜಾರುತ್ತದೆ. ಅದರ ರಂಧ್ರಗಳ ತುಂಬ ಗಾಳಿಯಿದೆ. ಒಂದು ಲೋಟ ನೀರು ಒಳಗೆ ಹೋಗಬೇಕಾದರೆ ಒಂದು ಲೋಟ ಗಾಳಿ ಹೊರಗೆ ಬರಬೇಕು, ಇಲ್ಲವೇ ಅಷ್ಟು ಗಾಳಿ ಒಳಗೇ ಅದುಮಿಕೊಳ್ಳಬೇಕು. ಬಿರುಕುಬಿಟ್ಟ ಗದ್ದೆಗೆ ಮೊದಲ ಸಲ ನೀರು ಕಟ್ಟಿದಾಗ ಬುಳುಬುಳು ಸದ್ದು ಕೇಳದ ರೈತರು ಮಲೆನಾಡಿನಲ್ಲಿ ಇರಲಾರರು. ಅದು ಗಾಳಿ ಜಾಗ ಬಿಟ್ಟುಕೊಡುವ ಸದ್ದು. ಹೊರಗೆ ಬರಲು ದಾರಿಯಿದ್ದರೆ ತೊಂದರೆಯಿಲ್ಲ. ನಿಮ್ಮ ಬೆಟ್ಟದಲ್ಲಿ ದಾರಿ ಎಲ್ಲಿದೆ ನೋಡಿ: ಮೇಲೆ ಗುಂಡಿಯ ನೀರು ಮುಚ್ಚಳ ಹಾಕಿದೆ. ಕೆಳಗೆ ಶೇಡಿಮಣ್ಣು, ಅದರ ಸೂಕ್ಷ್ಮ ರಂಧ್ರಗಳು ಬೇಸಿಗೆಯಲ್ಲೂ ನೀರು ಹಿಡಿದುಕೊಂಡಿರುವುದರಿಂದ ಗಾಳಿಗೆ ಅದು ಗೋಡೆ. ಸುತ್ತಲೂ ಜೋರು ಮಳೆಯಲ್ಲಿ ನೆನೆದ ಮೇಲ್ಮಣ್ಣು. ನಡುವೆ ಮೂರು ಮೀಟರ್ ಗಾಳಿ ಸಿಕ್ಕಿಬಿದ್ದಿದೆ.

ಈಗ ಸಣ್ಣದೊಂದು ಲೆಕ್ಕ ಮಾಡೋಣ, ಕಂಪ್ಯೂಟರ್ ಬೇಡ. ನಮ್ಮ ಎತ್ತರದಲ್ಲಿ ವಾಯುಮಂಡಲದ ಒತ್ತಡ ಸುಮಾರು ಒಂಬತ್ತೂವರೆ ಮೀಟರ್ ನೀರಿನ ಕಂಬಕ್ಕೆ ಸಮ. ನೀರು ಗುಂಡಿಯ ತಳದಿಂದ 30 ಸೆಂಟಿಮೀಟರ್ ಇಳಿಯಿತು ಎನ್ನಿ. ಮೂರು ಮೀಟರಿನಲ್ಲಿದ್ದ ಗಾಳಿ ಈಗ ಎರಡು ಮೀಟರ್ ಎಪ್ಪತ್ತು ಸೆಂಟಿಮೀಟರಿಗೆ ಅದುಮಿತು. ಬಾಯ್ಲ್ ನಿಯಮದ ಪ್ರಕಾರ ಅದರ ಒತ್ತಡ ಒಂಬತ್ತನೇ ಒಂದು ಭಾಗದಷ್ಟು ಏರುತ್ತದೆ. ಅಂದರೆ ಒಂದು ಮೀಟರಿಗಿಂತ ತುಸು ಹೆಚ್ಚು ನೀರಿನ ಕಂಬದಷ್ಟು. ಈಗ ನೀರನ್ನು ಕೆಳಗೆ ತಳ್ಳುವ ಬಲಗಳನ್ನು ಕೂಡಿಸಿ. ಗುಂಡಿಯಲ್ಲಿ ನಿಂತ ನೀರು 60 ಸೆಂಟಿಮೀಟರ್, ಮಣ್ಣಿನೊಳಗೆ ಇಳಿದ ನೀರಿನ ಆಳ 30, ಒದ್ದೆಯ ಮುಂಚೂಣಿಯಲ್ಲಿ ಒಣಮಣ್ಣಿನ ಸೆಳೆತ ಒಂದು 20 ಎಂದಿಟ್ಟುಕೊಳ್ಳೋಣ. ಒಟ್ಟು 110. ಎದುರು ತಳ್ಳುತ್ತಿರುವ ಗಾಳಿ 105ರ ಆಸುಪಾಸು. ಹಗ್ಗಜಗ್ಗಾಟ ಹೆಚ್ಚುಕಡಿಮೆ ಸಮಬಲಕ್ಕೆ ಬಂದು ನಿಂತಿತು. ಒಂದೇ ಅಡಿ ಇಳಿದ ನೀರು ಅಲ್ಲೇ ತಡೆದು ನಿಲ್ಲುತ್ತದೆ. ಅನಂತರ ಅದುಮಿದ ಗಾಳಿ ಮೇಲಿನ ಒದ್ದೆಮಣ್ಣಿನಲ್ಲಿ ಅತ್ಯಂತ ಅಗಲವಾದ ರಂಧ್ರವನ್ನು ಹುಡುಕಿ, ಅಲ್ಲಿನ ನೀರನ್ನು ಪಕ್ಕಕ್ಕೆ ತಳ್ಳಿ, ಗುಳ್ಳೆಯಾಗಿ ಮೇಲೆ ಬರುತ್ತದೆ. ಒತ್ತಡ ಸ್ವಲ್ಪ ಇಳಿದ ಕೂಡಲೇ ನೀರು ಆ ದಾರಿಯನ್ನು ಮತ್ತೆ ಮುಚ್ಚುತ್ತದೆ. ಮತ್ತೆ ಒತ್ತಡ ಏರುತ್ತದೆ, ಮತ್ತೆ ಗುಳ್ಳೆ. ನೀವು ಗಂಟೆಗಟ್ಟಲೆ ನೋಡಿದ್ದು ಇದನ್ನು.

ಗಾಳಿ ಪಕ್ಕಕ್ಕೂ ಸರಿಯುತ್ತದೆಯಾದ್ದರಿಂದ ಒಂಟಿ ಗುಂಡಿಗೆ ಈ ಲೆಕ್ಕ ತುಸು ಅತಿಯಾಗುತ್ತದೆ. ಇಡೀ ಇಳಿಜಾರು ಏಕಕಾಲಕ್ಕೆ ನೆನೆದಾಗ ಅದು ನಿಜಕ್ಕೆ ಹತ್ತಿರ ಬರುತ್ತದೆ. ಮಲೆನಾಡಿನ ಮುಂಗಾರು ಹಾಗೆ ನೆನೆಸಬಲ್ಲದು. ನಿಮ್ಮ ನೆರೆಯ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ಮೀರುತ್ತದೆ.

ಹಾಗಾದರೆ ನಿಮ್ಮ ಮಗಳ ಲೆಕ್ಕ ತಪ್ಪೇ? ಅವಳು ಬಳಸಿರುವುದು, ಮಣ್ಣಿನಲ್ಲಿ ನೀರು ಸಾಗುವುದನ್ನು ಲೆಕ್ಕಹಾಕುವ ರಿಚರ್ಡ್ಸ್ ಸಮೀಕರಣ ಎಂದು ಪತ್ರದ ವಿವರಗಳಿಂದ ಊಹಿಸುತ್ತೇನೆ. ಫ್ರಾನ್ಸಿನ ಡಿಜಾನ್ ನಗರದಲ್ಲಿ ಆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಗಳಲ್ಲಿ ನೀರು ಹರಿಸಿ, ಒತ್ತಡದ ಇಳಿಜಾರಿಗೆ ತಕ್ಕಂತೆ ಹರಿವು ಹೆಚ್ಚುತ್ತದೆ ಎಂಬ ನಿಯಮವನ್ನು 1856ರಲ್ಲಿ ಪ್ರಕಟಿಸಿದ. ಅದು ರಂಧ್ರವೆಲ್ಲ ನೀರೇ ತುಂಬಿದ ಮರಳಿನ ಮಾತು. ಅರ್ಧ ನೀರು, ಅರ್ಧ ಗಾಳಿ ಇರುವ ಮಣ್ಣಿಗೆ ಅದನ್ನು ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲಿ ಹಿಗ್ಗಿಸಿದ. ಲೊರೆಂಜೊ ರಿಚರ್ಡ್ಸ್ 1931ರಲ್ಲಿ ಪೂರ್ಣ ಸಮೀಕರಣದ ರೂಪ ಕೊಟ್ಟ. ಆ ಸಮೀಕರಣದೊಳಗೆ ಒಂದು ಮೌನ ಒಪ್ಪಂದವಿದೆ: ಮಣ್ಣಿನೊಳಗಿನ ಗಾಳಿ ಎಲ್ಲೆಡೆಯೂ ಯಾವಾಗಲೂ ಹೊರಗಿನ ಗಾಳಿಯ ಒತ್ತಡದಲ್ಲೇ ಇರುತ್ತದೆ, ನೀರು ಬಂದರೆ ತಕರಾರಿಲ್ಲದೆ ಸರಿಯುತ್ತದೆ. ಗಾಳಿಯ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 50 ಪಟ್ಟು ಕಡಿಮೆಯಾದ್ದರಿಂದ ಬಹಳ ಕಡೆ ಈ ಒಪ್ಪಂದ ನ್ಯಾಯವಾದದ್ದೇ. ನಿಮ್ಮ ಮಗಳು ಸಮೀಕರಣವನ್ನು ತಪ್ಪಾಗಿ ಬಿಡಿಸಿಲ್ಲ. ಗಾಳಿಗೆ ಬಾಗಿಲಿಲ್ಲದ ಜಾಗಕ್ಕೆ, ಬಾಗಿಲಿದೆ ಎಂದು ನಂಬುವ ಸಮೀಕರಣವನ್ನು ಒಯ್ದಿದ್ದಾಳೆ. 1911ರಲ್ಲಿ ಗ್ರೀನ್ ಮತ್ತು ಆ್ಯಂಪ್ಟ್ ಬರೆದ ಪ್ರಬಂಧವನ್ನು ಇಂದು ನೀರು ಇಂಗುವ ಸೂತ್ರಕ್ಕಾಗಿ ಮಾತ್ರ ನೆನೆಯುತ್ತಾರೆ. ಅದರ ಶೀರ್ಷಿಕೆಯಲ್ಲೇ ಮಣ್ಣಿನ ಮೂಲಕ ಗಾಳಿ ಮತ್ತು ನೀರಿನ ಹರಿವು ಎಂದಿತ್ತು, ಗಾಳಿಯ ಹೆಸರು ನೀರಿಗಿಂತ ಮೊದಲು ಬಂದಿತ್ತು. ಅದು ನಮ್ಮ ಪಾಠಗಳಿಂದ ಹೇಗೋ ಜಾರಿಹೋಯಿತು ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಇಂಥ ಜಾಗಕ್ಕೆ ಬೇಕಾದದ್ದು ನೀರು, ಗಾಳಿ ಎರಡರ ಹರಿವನ್ನೂ ಲೆಕ್ಕಕ್ಕೆ ಹಿಡಿಯುವ ಎರಡು ಪ್ರವಾಹಗಳ ಮಾದರಿ. ಅದರಲ್ಲಿ ನೀರಿಗೊಂದು, ಗಾಳಿಗೊಂದು ಜಮಾಖರ್ಚು ಇರುತ್ತದೆ. ಲೆಕ್ಕಕ್ಕಾಗಿ ಮಣ್ಣನ್ನು ಪುಟ್ಟ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿ ಚೌಕದಲ್ಲಿ ಬಂದ ನೀರು, ಹೋದ ನೀರು, ಉಳಿದ ನೀರು ತಾಳೆಯಾಗಬೇಕು; ಗಾಳಿಗೂ ಹಾಗೆಯೇ, ಅದು ಅದುಮಿಕೊಳ್ಳುತ್ತದೆ ಎಂಬುದನ್ನು ಸೇರಿಸಿ. ಎರಡಕ್ಕೂ ಬೇರೆಬೇರೆ ಡಾರ್ಸಿ ನಿಯಮ. ಇವೆರಡನ್ನು ಕಟ್ಟಿಹಾಕುವ ಗಂಟುಗಳು ಎರಡು. ಒಂದು, ರಂಧ್ರದಲ್ಲಿ ನೀರಿನ ಪಾಲು ಮತ್ತು ಗಾಳಿಯ ಪಾಲು ಕೂಡಿದರೆ ಒಂದು. ಇನ್ನೊಂದು, ಗಾಳಿಯ ಒತ್ತಡ ಮತ್ತು ನೀರಿನ ಒತ್ತಡದ ನಡುವಿನ ಅಂತರವೇ ಲೋಮನಾಳ ಒತ್ತಡ, ಅದು ನೀರಿನ ಪಾಲನ್ನು ಅವಲಂಬಿಸಿದೆ. ಇದೇ ಲೆಕ್ಕವನ್ನು ಪೆಟ್ರೋಲಿಯಂ ಎಂಜಿನಿಯರುಗಳು ಬಂಡೆಯೊಳಗಿನ ಎಣ್ಣೆಯನ್ನು ನೀರಿನಿಂದ ತಳ್ಳಲು ಬಳಸುತ್ತಾರೆ. ಈ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ಅವರ ಕೈಯಲ್ಲೇ.

ಇಲ್ಲಿ ಹೆಚ್ಚು ಜನ ಎಡವುವ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಂಧ್ರಗಳಲ್ಲಿ ಅರ್ಧ ನೀರಿದ್ದರೆ ನೀರು ಅರ್ಧ ವೇಗದಲ್ಲಿ, ಗಾಳಿ ಅರ್ಧ ವೇಗದಲ್ಲಿ ಹೋಗುತ್ತದೆ ಎಂದು ಭಾವಿಸುವುದು ಸಹಜ. ಹಾಗಾಗುವುದಿಲ್ಲ. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕವನ್ನು ನೆನೆಸಿಕೊಳ್ಳಿ. ಒಬ್ಬರು ಆಚೆಯಿಂದ, ಒಬ್ಬರು ಈಚೆಯಿಂದ ಹೊರಟರೆ ಇಬ್ಬರೂ ಅರ್ಧರ್ಧ ವೇಗದಲ್ಲಿ ದಾಟುವುದಿಲ್ಲ, ನಡುವೆ ಸಿಕ್ಕಿಕೊಳ್ಳುತ್ತಾರೆ. ಮಣ್ಣಿನಲ್ಲಿ ನೀರು ಕಿರಿದಾದ ರಂಧ್ರಗಳನ್ನು ಮೊದಲು ಹಿಡಿಯುತ್ತದೆ, ಗಾಳಿಗೆ ಅಗಲವಾದವು ಉಳಿಯುತ್ತವೆ. ಒಂದು ಇನ್ನೊಂದರ ದಾರಿಯನ್ನು ತುಂಡರಿಸುತ್ತದೆ. ಮರಳಿನಲ್ಲಿ ಅನಿಲ ಮತ್ತು ದ್ರವವನ್ನು ಒಟ್ಟಿಗೆ ಹರಿಸಿ ವೈಕಾಫ್ ಮತ್ತು ಬಾಟ್ಸೆಟ್ 1936ರಲ್ಲಿ ಇದನ್ನು ಅಳೆದು ತೋರಿಸಿದರು. ರಂಧ್ರವೆಲ್ಲ ತನ್ನದೇ ಆಗಿದ್ದಾಗ ಹರಿಯುವುದಕ್ಕೆ ಹೋಲಿಸಿದರೆ ಈಗ ಎಷ್ಟು ಪಾಲು ಸುಲಭವಾಗಿ ಹರಿಯುತ್ತದೆ ಎಂಬ ಅಂಕವೇ ಸಾಪೇಕ್ಷ ಪಾರಗಮ್ಯತೆ. ಎರಡರ ಸಾಪೇಕ್ಷ ಪಾರಗಮ್ಯತೆಗಳನ್ನು ಕೂಡಿಸಿದರೆ ಒಂದಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ. ನೀರಿನ ಪಾಲು ಒಂದು ಮಿತಿಯನ್ನು ಮೀರಿದರೆ ಗಾಳಿಯ ಹಾದಿಗಳೆಲ್ಲ ತುಂಡಾಗಿ ಅದು ಅಲ್ಲಲ್ಲೇ ಗುಳ್ಳೆಗಳಾಗಿ ಬಂದಿಯಾಗುತ್ತದೆ. ಆದ್ದರಿಂದಲೇ ಬಯಲಿನ ಮಣ್ಣು ಮಳೆಯಲ್ಲಿ ಎಷ್ಟು ನೆನೆದರೂ ಪೂರ್ತಿ ತುಂಬುವುದಿಲ್ಲ. ಬಂದಿಯಾದ ಗಾಳಿಯಿಂದಾಗಿ ನೀರು ಬಸಿಯುವ ವೇಗ ಪ್ರಯೋಗಾಲಯದ ಪೂರ್ಣ ತುಂಬಿದ ಮಾದರಿಯ ಅರ್ಧಕ್ಕೆ ಇಳಿಯುವುದು ಸಾಮಾನ್ಯ. ನಿಮ್ಮ ಮಗಳು ಈ ಬಸಿಯುವ ವೇಗಕ್ಕೆ ಹಾಕಿರುವ ಸಂಖ್ಯೆಯನ್ನು ಅರ್ಧ ಮಾಡಿ ನೋಡಲಿ. ಅದಿಷ್ಟಕ್ಕೇ ಅವಳ ಅರ್ಧ ಗಂಟೆ ಒಂದು ಗಂಟೆಯ ಹತ್ತಿರಕ್ಕೆ ಬರುತ್ತದೆ.

ಪ್ರಯೋಗಾಲಯದ ವಿಷಯ ಬಂದಿದ್ದರಿಂದ ಇನ್ನೆರಡು ಮಾತು. ಮಣ್ಣನ್ನು ಚೀಲದಲ್ಲಿ ತಂದು, ಜರಡಿ ಹಿಡಿದು, ಉಂಗುರದಲ್ಲಿ ತುಂಬಿ ಅಳೆದಿದ್ದರೆ ಆ ಅಳತೆ ನಿಮ್ಮ ಬೆಟ್ಟದ್ದಾಗುವುದಿಲ್ಲ. ಜಂಬಿಟ್ಟಿಗೆ ನೆಲದ ಗುಣವೆಲ್ಲ ಅದರ ತೂತುಗಳಲ್ಲಿ, ಕೊಳೆತ ಬೇರಿನ ಕೊಳವೆಗಳಲ್ಲಿ, ಗೆದ್ದಲು ಕೊರೆದ ದಾರಿಗಳಲ್ಲಿ ಇದೆ. ಜರಡಿ ಅದನ್ನೆಲ್ಲ ಅಳಿಸಿಬಿಡುತ್ತದೆ. ಕದಡದ ಮಣ್ಣಿನ ಉರುಳೆಯನ್ನೇ ಕತ್ತರಿಸಿ ತರಬೇಕು. ಎರಡನೆಯದಾಗಿ, ಎಷ್ಟು ಸೆಳೆತಕ್ಕೆ ಮಣ್ಣು ಎಷ್ಟು ನೀರು ಹಿಡಿಯುತ್ತದೆ ಎಂಬ ರೇಖೆಯನ್ನು ಒತ್ತಡದ ತಟ್ಟೆ ಎಂಬ ಉಪಕರಣದಲ್ಲಿ ಅಳೆಯುವಾಗ ಮಣ್ಣನ್ನು ಪೂರ್ತಿ ನೆನೆಸಿ ಕ್ರಮೇಣ ಒಣಗಿಸುತ್ತಾರೆ. ಗುಂಡಿಯಲ್ಲಿ ನಡೆಯುವುದು ಒಣಗಿದ ಮಣ್ಣು ನೆನೆಯುವ ಕೆಲಸ. ಈ ಎರಡರ ರೇಖೆಗಳು ಒಂದೇ ಅಲ್ಲ. ರಂಧ್ರದ ಬಾಯಿ ಕಿರಿದು, ಹೊಟ್ಟೆ ಅಗಲ. ಬರಿದಾಗುವಾಗ ಬಾಯಿ ತಡೆಯುತ್ತದೆ, ತುಂಬುವಾಗ ಹೊಟ್ಟೆ ತಡೆಯುತ್ತದೆ. ಹಾಗಾಗಿ ಅದೇ ಮಣ್ಣು ನೆನೆಯುವಾಗ ತೋರಿಸುವ ಸೆಳೆತ ಕಡಿಮೆ. ಈ ರೇಖೆಗೆ ವಾನ್ ಗೆನುಕ್ಟನ್ 1980ರಲ್ಲಿ ಕೊಟ್ಟ ಸೂತ್ರವನ್ನು ಅವಳು ಬಳಸಿದ್ದರೆ, ಅದರಲ್ಲಿನ ಆಲ್ಫಾ ಅಂಕವನ್ನು ನೆನೆಯುವ ರೇಖೆಗೆ ಎರಡು ಪಟ್ಟು ಮಾಡುವುದು ಒಳ್ಳೆಯ ಮೊದಲ ಅಂದಾಜು.

ಈಗ ನೀರಿನ ಪಾಲು ಒಂದನ್ನು ಮೀರುವ ತೊಂದರೆ. ಇದಕ್ಕೂ ಮಣ್ಣಿಗೂ ಸಂಬಂಧವಿಲ್ಲ, ಇದು ಲೆಕ್ಕ ಬಿಡಿಸುವ ಕ್ರಮದ ದೋಷ. ಒತ್ತಡವನ್ನು ಮೊದಲು ಬಿಡಿಸಿ, ಆಮೇಲೆ ಹಳೆಯ ಹರಿವಿನಿಂದಲೇ ನೀರಿನ ಪಾಲನ್ನು ಮುಂದಕ್ಕೆ ತಳ್ಳುವ ಕ್ರಮವನ್ನು ಅವಳು ಹಿಡಿದಿದ್ದರೆ, ಒಂದು ಕಾಲಹೆಜ್ಜೆಯಲ್ಲಿ, ಅಂದರೆ ಲೆಕ್ಕ ಒಮ್ಮೆಗೆ ಮುಂದೆ ಸಾಗುವ ಸಮಯದ ತುಣುಕಿನಲ್ಲಿ, ಒಂದು ಚೌಕಕ್ಕೆ ಅದು ಹಿಡಿಸುವುದಕ್ಕಿಂತ ಹೆಚ್ಚು ನೀರು ಬಂದು ಬೀಳುತ್ತದೆ. ಹೆಜ್ಜೆಯನ್ನು ಚಿಕ್ಕದು ಮಾಡಬೇಕು, ಇಲ್ಲವೇ ಎರಡನ್ನೂ ಒಟ್ಟಿಗೆ ಬಿಡಿಸಬೇಕು. ನನ್ನ ಆಯ್ಕೆ ಒಟ್ಟಿಗೆ ಬಿಡಿಸುವುದು. ಜೇಡಿ ಅಂಶವಿರುವ ಮಣ್ಣಿನಲ್ಲಿ ಚಿಕ್ಕ ಹೆಜ್ಜೆಗಳ ಕ್ರಮ ರಾತ್ರಿಯೆಲ್ಲ ಓಡಿದರೂ ಮುಗಿಯುವುದಿಲ್ಲ. ರಿಚರ್ಡ್ಸ್ ಸಮೀಕರಣಕ್ಕೇ ಅಂಟಿಕೊಳ್ಳುವುದಾದರೆ ಒತ್ತಡವೊಂದರಲ್ಲೇ ಬರೆದ ರೂಪವನ್ನು ಬಿಟ್ಟು, ನೀರಿನ ಪ್ರಮಾಣ ಮತ್ತು ಒತ್ತಡ ಎರಡೂ ಇರುವ ಮಿಶ್ರರೂಪವನ್ನು ಹಿಡಿಯಲಿ. ಮೊದಲ ರೂಪ ಒಣಮಣ್ಣಿನಲ್ಲಿ ನೀರನ್ನು ಕಳೆದುಬಿಡುತ್ತದೆ ಎಂಬುದನ್ನು ಸೀಲಿಯಾ ಮತ್ತು ಸಂಗಡಿಗರು 1990ರಲ್ಲಿ ಸ್ಪಷ್ಟವಾಗಿ ತೋರಿಸಿದ್ದಾರೆ.

ಎರಡು ಚೌಕಗಳ ನಡುವಿನ ಗಡಿಯಲ್ಲಿ ಪಾರಗಮ್ಯತೆಯನ್ನು ಯಾವ ಬದಿಯಿಂದ ತೆಗೆದುಕೊಳ್ಳುತ್ತಾಳೆ ಎಂಬುದನ್ನೂ ಕೇಳಿ. ಹರಿವು ಬರುತ್ತಿರುವ ಬದಿಯಿಂದಲೇ ತೆಗೆದುಕೊಳ್ಳಬೇಕು. ಮೇಲಿನ ಚೌಕ ಒದ್ದೆ, ಕೆಳಗಿನದು ಒಣ. ಎರಡರ ಹರಾತ್ಮಕ ಸರಾಸರಿ, ಅಂದರೆ ಚಿಕ್ಕ ಅಂಕದ ಕಡೆಗೇ ವಾಲುವ ಸರಾಸರಿ, ಹಿಡಿದರೆ ಒಣಚೌಕದ ಸೊನ್ನೆಗೆ ಸಮೀಪದ ಅಂಕವೇ ಗೆದ್ದು ಒದ್ದೆಯ ಮುಂಚೂಣಿ ಸುಳ್ಳಾಗಿ ನಿಂತುಬಿಡುತ್ತದೆ. ನಿಂತದ್ದನ್ನು ನೋಡಿ ಅದು ಗಾಳಿಯ ಕೆಲಸ ಎಂದು ಬರೆದ ವರದಿಗಳನ್ನು ನಾನು ಓದಿದ್ದೇನೆ. ಗುಂಡಿಯ ತಳದ ಬಳಿ ಚೌಕಗಳು ಒಂದು ಸೆಂಟಿಮೀಟರಿಗಿಂತ ದಪ್ಪವಾಗದಿರಲಿ. ಬೆಟ್ಟಕ್ಕೆ ಹೋಗುವ ಮುನ್ನ ತನ್ನ ಕಂಪ್ಯೂಟರ್ ಕಾರ್ಯಕ್ರಮವನ್ನು, ಮರಳಿನಲ್ಲಿ ಒಂದು ದ್ರವ ಇನ್ನೊಂದನ್ನು ತಳ್ಳುವ ಬಗ್ಗೆ ಬಕ್ಲಿ ಮತ್ತು ಲೆವೆರೆಟ್ 1942ರಲ್ಲಿ ಬಿಡಿಸಿದ ಉದಾಹರಣೆಯ ಮೇಲೆ ಓಡಿಸಲಿ. ಅದಕ್ಕೆ ಕಾಗದದ ಮೇಲೇ ಉತ್ತರವಿದೆ. ಮುಂಚೂಣಿ ಸರಿಯಾದ ಜಾಗದಲ್ಲಿ ಕಡಿದಾಗಿ ನಿಲ್ಲದಿದ್ದರೆ ಹೊಸನಗರದ ಮಣ್ಣಿನ ಬಗ್ಗೆ ಆ ಕಾರ್ಯಕ್ರಮ ಹೇಳುವುದನ್ನು ನಂಬುವ ಹಾಗಿಲ್ಲ.

ಇಷ್ಟೆಲ್ಲ ಸರಿಮಾಡಿದರೂ ಉತ್ತರವನ್ನು ನಿರ್ಧರಿಸುವುದು ಲೆಕ್ಕದ ಹೊರಗಡಿಯಲ್ಲಿ, ಅಂದರೆ ಗುಂಡಿಯ ತಳ ಮತ್ತು ನೆಲದ ಮೇಲ್ಮೈಯಲ್ಲಿ, ಗಾಳಿಗೆ ಏನು ಹೇಳುತ್ತೀರಿ ಎಂಬುದು. ನೀರು ನಿಂತ ತಳದಲ್ಲಿ ಗಾಳಿಗೆ ಬಾಗಿಲು ಸದಾ ತೆರೆದಿದೆ ಎಂದರೆ ಎರಡು ಪ್ರವಾಹಗಳ ಮಾದರಿಯೂ ಮತ್ತೆ ರಿಚರ್ಡ್ಸ್ ಸಮೀಕರಣದ ಉತ್ತರವನ್ನೇ ಹೇಳುತ್ತದೆ. ಸದಾ ಮುಚ್ಚಿದೆ ಎಂದರೆ ನೀರು ಎಂದೂ ಪೂರ್ತಿ ಇಳಿಯುವುದಿಲ್ಲ. ಒಳಗಿನ ಗಾಳಿಯ ಒತ್ತಡವು ನಿಂತ ನೀರಿನ ಒತ್ತಡವನ್ನೂ ಗುಳ್ಳೆ ಒಡೆಯಲು ಬೇಕಾದ ಒತ್ತಡವನ್ನೂ ಕೂಡಿಸಿದ್ದಕ್ಕಿಂತ ಹೆಚ್ಚಾದಾಗ ಬಾಗಿಲು ತೆರೆಯಬೇಕು, ಇಳಿದಾಗ ಮುಚ್ಚಬೇಕು. ಗುಂಡಿಗಳ ನಡುವಿನ ನೆಲದಲ್ಲಿ ನೀರು ನಿಂತಿರದ ಕಡೆ ಬಾಗಿಲು ತೆರೆದೇ ಇರಲಿ. ಹಾಗಾಗಿ ಲಂಬವಾದ ಒಂದು ಕಂಬದ ಲೆಕ್ಕ ಸಾಲದು. ಇಳಿಜಾರಿನ ಅಡ್ಡಸೀಳನ್ನು ತೆಗೆದುಕೊಳ್ಳಬೇಕು, ಕನಿಷ್ಠ ಎರಡು ಗುಂಡಿಗಳಾದರೂ ಅದರಲ್ಲಿರಬೇಕು.

ಗಾಳಿಯೊಂದೇ ಅಪರಾಧಿ ಎಂದು ನಾನು ಹೇಳುತ್ತಿಲ್ಲ. ಬೇಸಿಗೆಯ ತರಗು ಕೊಳೆತು ಮಣ್ಣಿನ ಕಣಗಳ ಮೇಲೆ ಮೇಣದಂಥ ಪೊರೆ ಕಟ್ಟಿದರೆ ನೀರಿನ ಸ್ಪರ್ಶಕೋನ ಹೆಚ್ಚಿ ಸೆಳೆತವೇ ಇಲ್ಲವಾಗುತ್ತದೆ. ನೀಲಗಿರಿ ನೆಡುತೋಪುಗಳ ಮಣ್ಣಿನಲ್ಲಿ ಇದು ಪ್ರಸಿದ್ಧ. ಒಣಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುತ್ತಿನಂತೆ ಕೂತರೆ ಇದೂ ಪಾಲುದಾರ. ಗುಂಡಿಯ ತಳದಲ್ಲಿ ನಯವಾದ ಕೆಸರಿನ ಪದರ ಕೂತಿದ್ದರೆ ಮಳೆಗೆ ಮುಂಚೆ ಅದನ್ನು ಕೆರೆದು ತೆಗೆಸಿ. ಪುನರ್ವಸುವಿನ ಹೊತ್ತಿಗೆ ಈ ಎಲ್ಲ ಅಡ್ಡಿಗಳೂ ಒಂದೊಂದಾಗಿ ಸಡಿಲವಾಗಿರುತ್ತವೆ: ಪೊರೆ ನೆನೆದಿರುತ್ತದೆ, ಗಾಳಿಯ ಬಹುಪಾಲು ಹೋಗಿರುತ್ತದೆ, ಬೇರಿನ ಕೊಳವೆಗಳು ನೀರಿನಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಗಂಟೆಯೊಳಗೆ ಖಾಲಿಯಾಗುವುದು ಹೆಚ್ಚಾಗಿ ಈ ಕೊಳವೆಗಳ ಕೆಲಸ; ಅದಕ್ಕೆ ಡಾರ್ಸಿಯ ನಿಯಮವನ್ನು ಒಂದೇ ಮಣ್ಣಿಗೆ ಹಚ್ಚಿದರೆ ಸಾಲದು, ಮಣ್ಣಿಗೊಂದು ಮತ್ತು ಕೊಳವೆಗೊಂದು ಎಂದು ಎರಡು ಜಾಲಗಳನ್ನು ಹೆಣೆಯಬೇಕು. ಅದು ಅವಳ ಮುಂದಿನ ವರ್ಷದ ಕೆಲಸವಾಗಲಿ.

ಆ ಕೊಳವೆಗಳ ಬಗ್ಗೆ ನಿಮಗೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಗುಂಡಿ ಬೇಗ ಖಾಲಿಯಾಗುವ ದಿನಗಳಲ್ಲಿ ಕೆಳಗಿನ ಧರೆಯಲ್ಲಿ ಅಥವಾ ತೋಟದ ಬಸಿಗಾಲುವೆಯಲ್ಲಿ ಹೊಸ ಜಲ ಒಡೆದಿದೆಯೇ, ಬರುವ ನೀರು ಕೆಂಪಾಗಿದೆಯೇ ನೋಡಿ. ಕೆಂಪಾಗಿದ್ದರೆ ನೀರು ಒಳಗೆ ಮಣ್ಣನ್ನು ಕೊರೆದು ತರುತ್ತಿದೆ. ಶೇಡಿಮಣ್ಣಿನ ಮೇಲೆ ನೀರು ನಿಂತು ರಂಧ್ರದೊಳಗಿನ ಒತ್ತಡ ಏರಿದರೆ ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿಯುವ ಬಲ ಅಷ್ಟೇ ಕುಂದುತ್ತದೆ, ಧರೆ ಕುಸಿಯುವುದು ಹಾಗೆ. ಮನೆಯ ಹಿಂದಿನ ಕಡಿದಾದ ಧರೆಯ ನೆತ್ತಿಯಲ್ಲಿ ಗುಂಡಿಯಿದ್ದರೆ ಈ ಮಳೆಗಾಲಕ್ಕೆ ಮೊದಲೇ ಅದನ್ನು ಮುಚ್ಚಿಸಿ. ಅಲ್ಲಿ ಇಂಗುವ ನೀರಿಗಿಂತ ಮನೆಯವರ ಜೀವ ದೊಡ್ಡದು.

ಕೊನೆಯದಾಗಿ, ನನ್ನ ಮಾತನ್ನು ಪರೀಕ್ಷಿಸುವ ಬಗೆ. ಅರ್ಧ ಇಂಚಿನ ಪಿವಿಸಿ ಪೈಪಿನ ತುದಿಯ ಒಂದು ಗೇಣಿನಷ್ಟು ಭಾಗಕ್ಕೆ ಸಣ್ಣ ತೂತುಗಳನ್ನು ಹೊಡೆಸಿ, ಬಲೆ ಸುತ್ತಿ, ಗುಂಡಿಯ ತಳದಿಂದ ಒಂದೂವರೆ ಮೀಟರ್ ಆಳಕ್ಕೆ ಇಳಿಸಿ. ತೂತುಗಳ ಸುತ್ತ ಜಲ್ಲಿಚೂರು, ಅದರ ಮೇಲೆ ಪೈಪಿನ ಸುತ್ತಲೂ ಒದ್ದೆ ಜೇಡಿಮಣ್ಣನ್ನು ಬಿಗಿಯಾಗಿ ಜಡಿಯಿರಿ. ಇಲ್ಲಿ ಸಂದು ಉಳಿದರೆ ಎಲ್ಲವೂ ವ್ಯರ್ಥ. ಪೈಪಿನ ಮೇಲ್ತುದಿಗೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪನ್ನು ಗಾಳಿಯಾಡದಂತೆ ಜೋಡಿಸಿ. ಅದನ್ನು ತೊಟ್ಟಿಲಿನಂತೆ ಕೆಳಗೆ ಜೋಲುಬಿಟ್ಟು ಹಲಗೆಗೆ ಕಟ್ಟಿ. ಎರಡು ತೋಳುಗಳೂ ಒಂದೂವರೆ ಮೀಟರಾದರೂ ಎತ್ತರವಿರಲಿ. ಅರಿಸಿನ ಕದಡಿದ ನೀರನ್ನು ಅರ್ಧದವರೆಗೆ ತುಂಬಿ, ಇನ್ನೊಂದು ತುದಿಯನ್ನು ತೆರೆದಿಡಿ. ಮಳೆ ಇಲ್ಲದಾಗ ಎರಡೂ ಬದಿಯ ನೀರು ಒಂದೇ ಮಟ್ಟದಲ್ಲಿರುತ್ತದೆ. ಗುಂಡಿ ತುಂಬಿದ ಮೇಲೆ ತೆರೆದ ಬದಿಯ ನೀರು ಎಷ್ಟು ಸೆಂಟಿಮೀಟರ್ ಮೇಲಿದೆಯೋ ಅಷ್ಟೇ ನಿಮ್ಮ ಬೆಟ್ಟದೊಳಗಿನ ಗಾಳಿಯ ಹೆಚ್ಚುವರಿ ಒತ್ತಡ. ಅಂತರ ನಾಲ್ಕೈದು ಸೆಂಟಿಮೀಟರಿನೊಳಗೇ ಉಳಿದರೆ ನಾನು ಹೇಳಿದ್ದು ತಪ್ಪು, ನಿಮ್ಮ ಮಗಳು ರಿಚರ್ಡ್ಸ್ ಸಮೀಕರಣದಲ್ಲೇ ಮುಂದುವರಿಯಲಿ, ಮಣ್ಣಿನ ಅಳತೆಗಳನ್ನು ಮಾತ್ರ ತಿದ್ದಲಿ. ಮೂವತ್ತು, ಐವತ್ತು, ಅದಕ್ಕೂ ಮೇಲೆ ಹೋದರೆ ಎರಡು ಪ್ರವಾಹಗಳ ಮಾದರಿ ಅನಿವಾರ್ಯ. ಆ ಅಂಕಗಳನ್ನೇ ಗುರಿಯಾಗಿಟ್ಟು ಅವಳು ತನ್ನ ಗಡಿಯ ಷರತ್ತನ್ನು ಹೊಂದಿಸಬಹುದು.

ರೋಹಿಣಿ ಮಳೆ ಮುಗಿಯುವುದರೊಳಗೆ ಪೈಪು ನೆಲದಲ್ಲಿರಲಿ, ಜಡಿದ ಮಣ್ಣು ಕೂರಲು ಅದಕ್ಕೆ ಕೆಲವು ದಿನ ಬೇಕು. ಮೃಗಶಿರದ ಮೊದಲ ಜೋರು ಮಳೆಯ ದಿನ ಮಗಳನ್ನು ಊರಿಗೆ ಕರೆಸಿಕೊಳ್ಳಿ. ಗುಂಡಿಗೆ ನೀರು ಬೀಳತೊಡಗಿದ ಗಳಿಗೆಯಿಂದ ಐದೈದು ನಿಮಿಷಕ್ಕೆ ಗುಂಡಿಯ ನೀರಿನ ಮಟ್ಟ, ಅರಿಸಿನ ನೀರಿನ ಅಂತರ, ಮೊದಲ ಗುಳ್ಳೆ ಎದ್ದ ಸಮಯ ಈ ಮೂರನ್ನು ಬರೆದುಕೊಂಡು ನನಗೆ ಕಳುಹಿಸಿ. ಅಂತರ ಏರುತ್ತ ಹೋಗಿ ಗುಳ್ಳೆ ಎದ್ದ ಕ್ಷಣದಲ್ಲಿ ತಟ್ಟನೆ ಕುಸಿಯುವುದನ್ನು ಅವಳು ಒಮ್ಮೆ ಕಣ್ಣಾರೆ ನೋಡಲಿ ಎಂಬುದು ನನ್ನ ಆಸೆ.